ಭೀಮಸೇನ ಜೋಶಿಯವರ ಆರಂಭಿಕ ಜೀವನದ ಕಾಲಾನುಕ್ರಮ: ರೋಣ, ಗದಗ, ಕುಂದಗೋಳ

1. ವ್ಯಾಪ್ತಿ

ಪಂಡಿತ ಭೀಮಸೇನ ಜೋಶಿಯವರ (1922–2011) ಬಗ್ಗೆ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್‌ಗಳಲ್ಲಿ ಸಾಕಷ್ಟು ಬರವಣಿಗೆ ಇದೆ. 1946ರ ನಂತರದ ವೃತ್ತಿಜೀವನದ ಮುಖ್ಯ ಸಂಗತಿಗಳಲ್ಲಿ ಈ ಬರವಣಿಗೆಗಳು ಬಹುಮಟ್ಟಿಗೆ ಒಮ್ಮತದಲ್ಲಿವೆ. ಅದಕ್ಕೂ ಹಿಂದಿನ ಇಪ್ಪತ್ತನಾಲ್ಕು ವರ್ಷಗಳ ವಿಷಯದಲ್ಲಿ ಸ್ಥಳ, ವರ್ಷ ಮತ್ತು ಘಟನೆಗಳ ಕ್ರಮ ಒಂದು ಬರಹದಿಂದ ಇನ್ನೊಂದಕ್ಕೆ ಬದಲಾಗುತ್ತವೆ. ಈ ಟಿಪ್ಪಣಿಯ ಉದ್ದೇಶ ಆ ವ್ಯತ್ಯಾಸಗಳನ್ನು ಒಂದೆಡೆ ಇಟ್ಟು, ಯಾವುದು ಗಟ್ಟಿ ನೆಲೆಯ ಮೇಲಿದೆ, ಯಾವುದು ಗಣಿತದಿಂದ ಮೂಡಿದ ಊಹೆ ಎಂಬುದನ್ನು ಬೇರ್ಪಡಿಸುವುದು. ಗಾಯನದ ಗುಣವಿಮರ್ಶೆ ಇದರ ವ್ಯಾಪ್ತಿಯಲ್ಲಿಲ್ಲ.

2. ಜನ್ಮದಿನಾಂಕ

ಸಾಮಾನ್ಯವಾಗಿ ಒಪ್ಪಿತವಾದ ದಿನಾಂಕ 4 ಫೆಬ್ರವರಿ 1922. ವಾರ ಶನಿವಾರ. ಪಂಚಾಂಗದ ಲೆಕ್ಕಕ್ಕೆ ಆ ದಿನ ಶಾಲಿವಾಹನ ಶಕ 1843, ದುರ್ಮತಿ ಸಂವತ್ಸರದ ಮಾಘ ಶುದ್ಧ ಸಪ್ತಮಿ, ಅಂದರೆ ರಥಸಪ್ತಮಿ. ಜನವರಿ 28ರ ಬೆಳಗಿನ ಜಾವ ಅಮಾವಾಸ್ಯೆ ಮುಗಿದಿದೆ. ಆ ವಾರ ಚಂದ್ರ ಭೂಮಿಯಿಂದ ದೂರದ ಬಿಂದುವಿನ ಸಮೀಪದಲ್ಲಿದ್ದುದರಿಂದ ತಿಥಿಗಳು ಸರಾಸರಿಗಿಂತ ದೀರ್ಘವಾಗಿದ್ದವು. ಆದ್ದರಿಂದ 4ರ ಸೂರ್ಯೋದಯಕ್ಕೆ ಸಪ್ತಮಿಯೇ ಇದೆ. ಸರಾಸರಿ ತಿಥಿಮಾನ ಹಿಡಿದು ಗುಣಿಸಿದರೆ ಸಪ್ತಮಿ 3ಕ್ಕೆ ಬೀಳುವಂತೆ ತೋರುವುದರಿಂದ ಈ ಅಂಶವನ್ನು ಇಲ್ಲಿ ದಾಖಲಿಸಲಾಗಿದೆ.

ಈ ಹೊಂದಾಣಿಕೆ ದಿನಾಂಕಕ್ಕೆ ಸ್ವತಂತ್ರ ಪುರಾವೆಯಾಗದು. ಆದರೆ ಅದಕ್ಕೊಂದು ಉಪಯೋಗವಿದೆ. ಜನನವನ್ನು ರಥಸಪ್ತಮಿಯೊಂದಿಗೆ ಜೋಡಿಸುವ ಯಾವುದೇ ಮೌಖಿಕ ಹೇಳಿಕೆ 4 ಫೆಬ್ರವರಿಯನ್ನು ಬೆಂಬಲಿಸುತ್ತದೆ. ಬೇರೆ ತಿಥಿಯನ್ನು ಹೇಳುವ ಹೇಳಿಕೆ ಅದನ್ನು ಪ್ರಶ್ನಿಸುತ್ತದೆ. ಹಬ್ಬದ ದಿನದ ಹುಟ್ಟು ಮನೆತನದ ನೆನಪಿನಲ್ಲಿ ಸಾಮಾನ್ಯವಾಗಿ ತಿಥಿಯ ಹೆಸರಿನಲ್ಲೇ ಉಳಿಯುವುದರಿಂದ ಈ ಒರೆಗಲ್ಲಿಗೆ ಬೆಲೆ ಇದೆ.

3. ಜನ್ಮಸ್ಥಳ: ರೋಣ ಮತ್ತು ಗದಗ

3.1. ಜನ್ಮಸ್ಥಳದ ಬಗ್ಗೆ ಎರಡು ಹೇಳಿಕೆಗಳಿವೆ. ಒಂದು ಪರಂಪರೆ ರೋಣ ಎನ್ನುತ್ತದೆ. ಇನ್ನೊಂದು, ಕೆಲವು ವಿಶ್ವಕೋಶಗಳನ್ನೂ ಒಳಗೊಂಡು, ಗದಗ ಎನ್ನುತ್ತದೆ. ಎರಡನ್ನೂ ಪರಸ್ಪರ ವಿರುದ್ಧವೆಂದು ತಿಳಿಯುವ ಮೊದಲು ಆಡಳಿತ ಗಡಿಗಳ ಇತಿಹಾಸವನ್ನು ಗಮನಿಸಬೇಕು.

3.2. 1922ರಲ್ಲಿ ರೋಣ ಮತ್ತು ಗದಗ ಎರಡೂ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳು. 1956ರಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು; 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು; 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ರೋಣ, ನರಗುಂದ ಮತ್ತು ಈಚಿನವರೆಗೆ ರೋಣ ತಾಲ್ಲೂಕಿನಲ್ಲೇ ಇದ್ದ ಗಜೇಂದ್ರಗಡ ಇವೆಲ್ಲ ಈಗ ಗದಗ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಆದ್ದರಿಂದ 1997ರ ನಂತರದ ಬರಹವೊಂದು ‘ಗದಗದಲ್ಲಿ ಜನನ’ ಎಂದರೆ ಅದು ಜಿಲ್ಲೆಯ ಹೆಸರಾಗಿದ್ದು, ರೋಣವನ್ನು ಅಲ್ಲಗಳೆಯದೆ ಇರಬಹುದು. 1997ಕ್ಕಿಂತ ಹಿಂದಿನ ಬರಹ ಹಾಗೆಂದರೆ ಅದು ಗದಗ ಪಟ್ಟಣ ಅಥವಾ ತಾಲ್ಲೂಕನ್ನೇ ಸೂಚಿಸುತ್ತದೆ. ಅಲ್ಲಿ ಭಿನ್ನಾಭಿಪ್ರಾಯ ನಿಜವಾದದ್ದು. ಎರಡು ಬಗೆಯ ಬರಹಗಳನ್ನು ಒಂದೇ ಪಟ್ಟಿಯಲ್ಲಿ ಎಣಿಸಿ ‘ಹೆಚ್ಚಿನ ಮೂಲಗಳು ಗದಗ ಎನ್ನುತ್ತವೆ’ ಎಂದು ತೀರ್ಮಾನಿಸುವುದು ಸರಿಯಾದ ವಿಧಾನವಲ್ಲ.

3.3. ಮನೆತನದ ನೆಲೆ ಗದಗ ಎಂಬುದರಲ್ಲಿ ಹೆಚ್ಚಿನ ಸಂಶಯಕ್ಕೆ ಎಡೆಯಿಲ್ಲ. ತಂದೆ ಗುರುರಾಜ ಜೋಶಿಯವರು ಶಾಲಾ ಶಿಕ್ಷಕರು. ಅಜ್ಜ ಭೀಮಾಚಾರ್ಯರು ಕೀರ್ತನಕಾರರೆಂದು ಜೀವನಚಿತ್ರಣಗಳು ಹೇಳುತ್ತವೆ. ಮೊಮ್ಮಗನ ಹೆಸರು ಅಜ್ಜನ ಹೆಸರನ್ನು ಅನುಸರಿಸಿರುವ ಸಾಧ್ಯತೆ ಹೆಚ್ಚು. ಭೀಮಸೇನರು ಹದಿನಾರು ಮಕ್ಕಳಲ್ಲಿ ಹಿರಿಯರೆಂದು ಹೇಳಲಾಗಿದೆ. ಗದಗದಲ್ಲಿ ನೆಲೆಸಿದ ಕುಟುಂಬದ ಮಗು ರೋಣದಲ್ಲಿ ಹುಟ್ಟುವುದರಲ್ಲಿ ವಿರೋಧವೇನೂ ಇಲ್ಲ. ಚೊಚ್ಚಲ ಹೆರಿಗೆಗೆ ತವರೂರಿಗೆ ಹೋಗುವುದು ಈ ಭಾಗದ ರೂಢಿ. ಆದರೆ ರೂಢಿಯಿಂದ ಒಂದು ನಿರ್ದಿಷ್ಟ ಘಟನೆಯನ್ನು ಸಾಧಿಸಲಾಗದು. ಎರಡು ಹೇಳಿಕೆಗಳು ಹೊಂದಿಕೊಳ್ಳಬಲ್ಲವು ಎಂಬಷ್ಟನ್ನೇ ಇದು ತೋರಿಸುತ್ತದೆ.

3.4. ಪಾಠಾಂತರ ಶಾಸ್ತ್ರದ ಒಂದು ನಿಯಮವೂ ಇಲ್ಲಿ ಅನ್ವಯವಾಗುವಂತಿದೆ. ಪ್ರಸಿದ್ಧ ಹೆಸರು ಅಪ್ರಸಿದ್ಧ ಹೆಸರಿನ ಜಾಗಕ್ಕೆ ಬರುವುದು ಸುಲಭ. ಅಪ್ರಸಿದ್ಧ ಹೆಸರು ಪ್ರಸಿದ್ಧ ಹೆಸರನ್ನು ತಳ್ಳಿ ಬರುವುದು ಅಪರೂಪ. ರೋಣ ಎಂಬ ಹೇಳಿಕೆ ಹುಟ್ಟಲು ಅದು ನಿಜವಾಗಿರುವುದನ್ನು ಬಿಟ್ಟು ಬೇರೆ ಕಾರಣ ಕಾಣುವುದು ಕಷ್ಟ. ಈ ನೆಲೆಯಲ್ಲಿ, ಬೇರೆ ಪುರಾವೆ ಎದುರಾಗುವವರೆಗೆ, ರೋಣಕ್ಕೆ ಆದ್ಯತೆ ಕೊಡುವುದು ಯುಕ್ತವೆನಿಸುತ್ತದೆ.

4. ಮೊದಲ ಗುರುಗಳು

ಮೊದಲ ಪಾಠ ಗದಗದ ಸಮೀಪದ ಕುರ್ತಕೋಟಿಯ ಚನ್ನಪ್ಪನವರಿಂದ. ಇವರು ಇನಾಯತ್ ಖಾನರಲ್ಲಿ ಕಲಿತವರೆಂದೂ, ಭೈರವ ಮತ್ತು ಭೀಮಪಲಾಸಿ ರಾಗಗಳನ್ನು ಹೇಳಿಕೊಟ್ಟರೆಂದೂ ದಾಖಲೆಯಾಗಿದೆ. ನಂತರದ ಗುರು ಪಂಡಿತ ಶಾಮಾಚಾರ್ಯರು. ಈ ಎರಡು ಹೆಸರುಗಳು ಹೆಚ್ಚಿನ ಬರಹಗಳಲ್ಲಿ ಇದೇ ಕ್ರಮದಲ್ಲಿ ಬರುತ್ತವೆ. ಪಾಠಕ್ಕೆ ವರ್ಷಗಳನ್ನು ನೇರವಾಗಿ ಹಚ್ಚುವ ಆಧಾರ ತೆಳುವಾಗಿರುವುದರಿಂದ, ಮನೆ ಬಿಟ್ಟ ವರ್ಷಕ್ಕಿಂತ ಹಿಂದೆ ಎಂಬ ಮೇಲ್ಮಿತಿಯಷ್ಟನ್ನೇ ಹೇಳುವುದು ಸುರಕ್ಷಿತ. ಆ ಮೇಲ್ಮಿತಿಯೇ ಚರ್ಚಾಸ್ಪದ ಎಂಬುದು ಮುಂದಿನ ವಿಷಯ.

5. ಧ್ವನಿಮುದ್ರಿಕೆಯ ಪ್ರಶ್ನೆ

5.1. ಪ್ರಚಲಿತ ಕಥನ ಹೀಗಿದೆ: ಗ್ರಾಮೋಫೋನ್ ತಟ್ಟೆಯಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಗಾಯನ ಕೇಳಿ, ಅಂಥ ಗುರುವನ್ನು ಹುಡುಕುತ್ತ, 1933ರಲ್ಲಿ ಹನ್ನೊಂದನೆಯ ವಯಸ್ಸಿನಲ್ಲಿ ಹುಡುಗ ಮನೆ ಬಿಟ್ಟ. ಕೇಳಿದ್ದು ಝಿಂಝೋಟಿ ರಾಗದ ಠುಮರಿ ಎಂದು ಕೆಲವರು, ಬಸಂತ ರಾಗದ ಬಂದಿಶ್ ಎಂದು ಕೆಲವರು ಬರೆದಿದ್ದಾರೆ. ಊಟದಲ್ಲಿ ಇನ್ನಷ್ಟು ತುಪ್ಪ ಸಿಗಲಿಲ್ಲವೆಂಬ ಸಿಟ್ಟೇ ತಕ್ಷಣದ ಕಾರಣ ಎಂಬ ಪ್ರಸಂಗವೂ ವ್ಯಾಪಕವಾಗಿ ಉದ್ಧೃತವಾಗಿದೆ. ಕಾರಣಗಳು ಒಂದನ್ನೊಂದು ಹೊರಗಿಡುವುದಿಲ್ಲ. ತೊಡಕಿರುವುದು ತಟ್ಟೆಗೂ ವರ್ಷಕ್ಕೂ ಇರುವ ಸಂಬಂಧದಲ್ಲಿ.

5.2. ಅಬ್ದುಲ್ ಕರೀಂ ಖಾನರ (1872–1937) ಧ್ವನಿಮುದ್ರಣಗಳು ಎರಡು ಕಾಲಘಟ್ಟಗಳಿಗೆ ಸೇರುತ್ತವೆ. ಮೊದಲನೆಯದು 1905ರ ಸುಮಾರಿನ ಗ್ರಾಮೋಫೋನ್ ಕಂಪನಿಯ ಮುದ್ರಣ. ವಿದ್ಯುತ್ ಮೈಕ್ರೋಫೋನ್ ಬರುವ ಮೊದಲು ಕಹಳೆಯ ಮುಂದೆ ಹಾಡಿದ್ದು. ಎರಡನೆಯದು ಓಡಿಯನ್ ಸಂಸ್ಥೆಗಾಗಿ 1934–35ರ ಸುಮಾರಿಗೆ ನಡೆದ ವಿದ್ಯುತ್ ಮುದ್ರಣ. ಇಂದು ಪ್ರಚಾರದಲ್ಲಿರುವ ಝಿಂಝೋಟಿ ಠುಮರಿ ಮತ್ತು ಬಸಂತ ಎರಡೂ ಈ ಎರಡನೆಯ ಗುಂಪಿನವು.

5.3. ಹಾಗಾದರೆ 1933ರಲ್ಲಿ ಮನೆ ಬಿಟ್ಟ ಹುಡುಗ 1934–35ರ ತಟ್ಟೆ ಕೇಳಿ ಹೊರಟಿರಲಾರ. ಮೂರು ಪರಿಹಾರಗಳನ್ನು ಪರಿಶೀಲಿಸಬಹುದು.

(ಅ) ಕೇಳಿದ್ದು 1905ರ ಗುಂಪಿನ ತಟ್ಟೆ. ಇದು ಅಸಾಧ್ಯವಲ್ಲ. ಆದರೆ ಹಾಗಾದಲ್ಲಿ ರಾಗದ ಗುರುತು ನಂತರದ ಪ್ರಸಿದ್ಧ ಮುದ್ರಣದ ಪ್ರಭಾವದಿಂದ ಸೇರಿರಬೇಕು.

(ಆ) ಮನೆ ಬಿಟ್ಟ ವರ್ಷ 1933 ಅಲ್ಲ, 1934 ಅಥವಾ 1935. ಇದನ್ನು ಒಪ್ಪಿದರೆ, 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾಗುವವರೆಗಿನ ಅಲೆದಾಟದ ಅವಧಿ ಮೂರು ವರ್ಷದಿಂದ ಒಂದೆರಡು ವರ್ಷಕ್ಕೆ ಕುಗ್ಗುತ್ತದೆ. ಅದರ ಪರಿಣಾಮ 6ನೆಯ ಭಾಗದಲ್ಲಿದೆ.

(ಇ) ಎರಡು ಅನುಭವಗಳು ನೆನಪಿನಲ್ಲಿ ಒಂದಾಗಿವೆ. ಮೊದಲು ಬೇರೆ ಯಾವುದೋ ಗಾಯನದ ಸೆಳೆತ, ನಂತರ, ಕುಂದಗೋಳ ಸೇರಿದ ಸುಮಾರಿಗೆ, ಓಡಿಯನ್ ತಟ್ಟೆ. ಖಾನ್ ಸಾಹೇಬರು ಮಿರಜದಲ್ಲಿ ನೆಲೆಸಿ ಧಾರವಾಡ ಸೀಮೆಗೆ ಬಂದುಹೋಗುತ್ತಿದ್ದವರು. ಅವರ ಹೆಸರು ಗದಗದ ಕಿವಿಗೆ ಬೀಳಲು ತಟ್ಟೆಯೇ ಬೇಕಾಗಿರಲಿಲ್ಲ.

ಮೂರರಲ್ಲಿ (ಇ) ಹೆಚ್ಚು ಸಂಭವನೀಯ ಎನಿಸುತ್ತದೆ. ಅದು ಯಾವ ಹೇಳಿಕೆಯನ್ನೂ ಸುಳ್ಳೆನ್ನದೆ ಕ್ರಮವನ್ನು ಮಾತ್ರ ಬದಲಿಸುತ್ತದೆ. ಆದರೂ ಇದು ಸಂಭವದ ಮಟ್ಟದ ಮಾತು.

5.4. ‘1933’ ಎಂಬ ಅಂಕಿ ಬಹುಶಃ ದಾಖಲೆಯಿಂದ ಬಂದದ್ದಲ್ಲ. 1922ಕ್ಕೆ 11 ಕೂಡಿಸಿ ಬಂದದ್ದು. ಹನ್ನೊಂದು ತುಂಬಿದ ಮೇಲೆ ಎಂದರೆ ಫೆಬ್ರವರಿ 1933ರಿಂದ ಫೆಬ್ರವರಿ 1934. ಹನ್ನೊಂದು ನಡೆಯುವಾಗ ಎಂದರೆ ಫೆಬ್ರವರಿ 1932ರಿಂದ ಫೆಬ್ರವರಿ 1933. ಎರಡು ಎಣಿಕೆಗಳೂ ಕುಟುಂಬಗಳಲ್ಲಿ ಬಳಕೆಯಲ್ಲಿವೆ. ಹೀಗಾಗಿ ಈ ವರ್ಷಕ್ಕೆ ಮುದ್ರಣದಲ್ಲಿ ‘ಸುಮಾರು’ ಎಂಬ ವಿಶೇಷಣ ಅಗತ್ಯ.

6. ಅಲೆದಾಟದ ಕ್ರಮ

6.1. ಹೊರಟ ಸ್ಥಳ. ಕೆಲವು ಬರಹಗಳಲ್ಲಿ ‘ಧಾರವಾಡ ಬಿಟ್ಟು ಬಿಜಾಪುರಕ್ಕೆ’ ಎಂದಿದೆ. 3.2ರಲ್ಲಿ ಹೇಳಿದ ಗೊಂದಲವೇ ಇಲ್ಲೂ ಇರಬಹುದು: ಧಾರವಾಡ ಆಗ ಗದಗವನ್ನೂ ರೋಣವನ್ನೂ ಒಳಗೊಂಡ ಜಿಲ್ಲೆಯ ಹೆಸರು. ರೈಲಿನ ಭೂಗೋಳ ಈ ಪ್ರಶ್ನೆಯನ್ನು ತೀರ್ಮಾನಿಸುವುದಿಲ್ಲ. ಧಾರವಾಡ ಪಟ್ಟಣದಿಂದ ಬಿಜಾಪುರಕ್ಕೆ ರೈಲಿನಲ್ಲಿ ಹೋಗುವವರು ಹುಬ್ಬಳ್ಳಿ ದಾಟಿ ಗದಗ ಜಂಕ್ಷನ್ನಿಗೆ ಬಂದೇ ಉತ್ತರಕ್ಕೆ ತಿರುಗಬೇಕು. ಗದಗ–ಹೊಟಗಿ ಮೀಟರ್ ಗೇಜ್ ಮಾರ್ಗ 19ನೆಯ ಶತಮಾನದ 80ರ ದಶಕದ್ದು. ಅದು ರೋಣ ತಾಲ್ಲೂಕಿನ ಹೊಳೆಆಲೂರು, ನಂತರ ಬಾದಾಮಿ, ಬಾಗಲಕೋಟೆಗಳ ಮೂಲಕ ಬಿಜಾಪುರ ಸೇರುತ್ತದೆ. ಎಲ್ಲಿಂದ ಹೊರಟಿದ್ದರೂ ಹುಟ್ಟಿದ ತಾಲ್ಲೂಕನ್ನು ಹಾದೇ ಹೋಗಿರಬೇಕು ಎಂಬಷ್ಟು ಮಾತ್ರ ನಿಶ್ಚಿತ. ಅದೂ ಬಿಜಾಪುರಕ್ಕೆ ರೈಲಿನಲ್ಲೇ ಹೋದದ್ದು ನಿಜವಾದರೆ.

6.2. ನಂತರದ ಊರುಗಳು. ಪುಣೆ, ಗ್ವಾಲಿಯರ್, ದೆಹಲಿ, ಕಲ್ಕತ್ತಾ, ಲಖನೌ, ರಾಮಪುರ, ಜಲಂಧರ್ ಎಂಬ ಹೆಸರುಗಳು ಬೇರೆ ಬೇರೆ ಕ್ರಮದಲ್ಲಿ ಬರುತ್ತವೆ. ಗ್ವಾಲಿಯರಿನಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವಿನಿಂದ ಮಾಧವ ಸಂಗೀತ ವಿದ್ಯಾಲಯಕ್ಕೆ ಸೇರಿದ್ದು ಹೆಚ್ಚಿನವರು ಒಪ್ಪುವ ಸಂಗತಿ. ಗೊಂದಲವಿರುವುದು ರಾಮಪುರದ ವಿಷಯದಲ್ಲಿ. ಉಸ್ತಾದ್ ಮುಷ್ತಾಕ್ ಹುಸೇನ್ ಖಾನರಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಇದ್ದರೆಂಬ ಹೇಳಿಕೆಯನ್ನು ಕೆಲವರು ಕುಂದಗೋಳಕ್ಕಿಂತ ಮೊದಲಿಡುತ್ತಾರೆ, ಕೆಲವರು ಕುಂದಗೋಳದ ನಂತರ.

6.3. 5.3(ಆ)ವನ್ನು ಒಪ್ಪುವವರಿಗೆ ರಾಮಪುರವನ್ನು ಕುಂದಗೋಳದ ನಂತರ ಇಡುವುದು ಅನಿವಾರ್ಯ. ಒಂದೆರಡು ವರ್ಷದಲ್ಲಿ ಇಷ್ಟು ಊರುಗಳೂ ರಾಮಪುರದ ದೀರ್ಘ ವಾಸವೂ ಹಿಡಿಯುವುದಿಲ್ಲ. (ಅ) ಅಥವಾ (ಇ)ಯನ್ನು ಒಪ್ಪುವವರಿಗೆ ಎರಡೂ ಕ್ರಮಗಳು ಸಾಧ್ಯ. ತಟ್ಟೆಯ ಕಾಲನಿರ್ಣಯಕ್ಕೂ ರಾಮಪುರದ ಸ್ಥಾನಕ್ಕೂ ಇರುವ ಈ ಸಂಬಂಧವನ್ನು ಗಮನಿಸದೆ ಒಂದನ್ನು ಮಾತ್ರ ತಿದ್ದಿದರೆ ಇನ್ನೊಂದು ಕೆಡುತ್ತದೆ.

6.4. ಜಲಂಧರ್. ಇಲ್ಲಿ ಅಂಧ ಗಾಯಕ ಮಂಗತರಾಮರ ಬಳಿ ಕಲಿತದ್ದು, ಗಾಯಕ ವಿನಾಯಕರಾವ್ ಪಟವರ್ಧನರು ಈ ಹುಡುಗನನ್ನು ಕಂಡು, ನಿನ್ನ ಸೀಮೆಯಲ್ಲೇ ಸವಾಯಿ ಗಂಧರ್ವರಿದ್ದಾರೆ, ಅಲ್ಲಿಗೆ ಹೋಗು ಎಂಬರ್ಥದ ಸಲಹೆ ಕೊಟ್ಟದ್ದು ಪ್ರಚಲಿತ ಕಥನ. ಈ ಭೇಟಿ ಹರವಲ್ಲಭ ಸಂಗೀತ ಸಮ್ಮೇಳನದಲ್ಲಾಯಿತೆಂಬ ಹೇಳಿಕೆಯನ್ನು ಒಪ್ಪಿದರೆ ಕಾಲನಿರ್ಣಯಕ್ಕೆ ಒಂದು ಆಧಾರ ಸಿಗುತ್ತದೆ. ಆ ಸಮ್ಮೇಳನ ನಡೆಯುವುದು ಡಿಸೆಂಬರ್ ಕೊನೆಯಲ್ಲಿ. ಕುಂದಗೋಳದ ಪ್ರವೇಶ 1936ರಲ್ಲಾದರೆ ಸಲಹೆ ಡಿಸೆಂಬರ್ 1935ಕ್ಕಿಂತ ಈಚಿನದಾಗಿರಲಾರದು. ತಂದೆ ಜಲಂಧರಿನಲ್ಲಿ ಮಗನನ್ನು ಪತ್ತೆ ಮಾಡಿ ಕರೆತಂದದ್ದನ್ನು 1935ರ ಕೊನೆ ಅಥವಾ 1936ರ ಆರಂಭಕ್ಕೆ ಇಡಬಹುದು.

7. ಕುಂದಗೋಳ, 1936ರಿಂದ

ಸವಾಯಿ ಗಂಧರ್ವರು, ಅಂದರೆ ರಾಮಭಾವು ಕುಂದಗೋಳಕರ್ (1886–1952), ಅಬ್ದುಲ್ ಕರೀಂ ಖಾನರ ಶಿಷ್ಯರು, ಕಿರಾಣಾ ಘರಾಣೆಯ ಗಾಯಕರು. ಜೋಶಿಯವರು ಅವರ ಶಿಷ್ಯರಾದ ವರ್ಷ 1936 ಎಂಬುದನ್ನು ಬಹುತೇಕ ಬರಹಗಳು ಒಪ್ಪುತ್ತವೆ. ಆಗ ಶಿಷ್ಯನ ವಯಸ್ಸು ಹದಿನಾಲ್ಕು. ಗುರುಗೃಹವಾಸ ಸುಮಾರು 1940ರವರೆಗೆ. ಹಿರಿಯ ಸಹಪಾಠಿ ಗಂಗೂಬಾಯಿ ಹಾನಗಲ್ಲರು (1913–2009) ಹುಬ್ಬಳ್ಳಿಯಿಂದ ಬಂದು ಪಾಠ ಹೇಳಿಸಿಕೊಳ್ಳುತ್ತಿದ್ದವರು. ಹುಡುಕಿ ಹೋದ ಗಾಯನಶೈಲಿ ಮನೆಯಿಂದ ದೂರವಿಲ್ಲದ ಕುಂದಗೋಳದಲ್ಲೇ ದೊರೆತದ್ದು ಈ ಕಾಲಾನುಕ್ರಮದ ಅತ್ಯಂತ ಗಟ್ಟಿಯಾದ ಸಂಗತಿ. ಆದ್ದರಿಂದಲೇ ಅದರ ಹಿಂದಿನ ಮೂರು ವರ್ಷಗಳನ್ನು 1936ರಿಂದ ಹಿಂದಕ್ಕೆ ಎಣಿಸುವುದು 1922ರಿಂದ ಮುಂದಕ್ಕೆ ಎಣಿಸುವುದಕ್ಕಿಂತ ಹೆಚ್ಚು ನಂಬಲರ್ಹ.

8. 1941–1953

8.1. ಮೊದಲ ಸಾರ್ವಜನಿಕ ಕಛೇರಿ 1941, ವಯಸ್ಸು ಹತ್ತೊಂಬತ್ತು. ಎರಡೂ ಅಂಕಿಗಳು ಪರಸ್ಪರ ಹೊಂದುತ್ತವೆ.

8.2. ಎಚ್‌ಎಂವಿಯ ಮೊದಲ ಧ್ವನಿಮುದ್ರಿಕೆ. ಒಂದು ಹೇಳಿಕೆ 1942 ಎನ್ನುತ್ತದೆ. ಇನ್ನೊಂದು ಇಪ್ಪತ್ತೆರಡನೆಯ ವಯಸ್ಸು ಎನ್ನುತ್ತದೆ, ಅಂದರೆ 1944. ಭಕ್ತಿಗೀತೆಗಳೆಂಬುದರಲ್ಲಿ ಒಮ್ಮತವಿದೆ. ಭಾಷೆಯ ವಿಷಯದಲ್ಲಿ ಕನ್ನಡ ಮತ್ತು ಹಿಂದಿ ಎಂಬ ಹೇಳಿಕೆಯ ಪಕ್ಕದಲ್ಲಿ ಮರಾಠಿ ಎಂಬುದೂ ಕಾಣುತ್ತದೆ. ಈ ಪ್ರಶ್ನೆಯನ್ನು ಜೀವನಚಿತ್ರಣಗಳ ಮೂಲಕ ಬಿಡಿಸುವ ಬದಲು ತಟ್ಟೆಯ ಚೀಟಿ ಮತ್ತು ಮುದ್ರಿಕೆಯ ಕ್ರಮಸಂಖ್ಯೆಗಳ ಮೂಲಕ ಬಿಡಿಸುವುದೇ ಸರಿಯಾದ ದಾರಿ.

8.3. 1943ರಲ್ಲಿ ಮುಂಬಯಿಗೆ ಬಂದು ಆಕಾಶವಾಣಿ ಕಲಾವಿದರಾದರು.

8.4. 1946ರಲ್ಲಿ ಪುಣೆಯಲ್ಲಿ ಗುರುವಿನ ಷಷ್ಟ್ಯಬ್ದಿ ಸಮಾರಂಭದ ಕಛೇರಿ. ಸವಾಯಿ ಗಂಧರ್ವರ ಜನನ 19 ಜನವರಿ 1886. ಅರವತ್ತು ತುಂಬುವುದು ಜನವರಿ 1946. ಎರಡೂ ಜನವರಿಗಳು ಪಾರ್ಥಿವ ಸಂವತ್ಸರಕ್ಕೆ ಸೇರುವುದರಿಂದ ಚಾಂದ್ರಮಾನದ ಲೆಕ್ಕವೂ ಕೂಡಿಬರುತ್ತದೆ. ಒಳಗಿನಿಂದಲೇ ಪರಿಶೀಲಿಸಬಹುದಾದ ಇಂಥ ದಿನಾಂಕಗಳು ಈ ಜೀವನದಲ್ಲಿ ಕಡಿಮೆ.

8.5. ಗುರುವಿನ ನಿಧನ 12 ಸೆಪ್ಟೆಂಬರ್ 1952. ಮರುವರ್ಷ, 1953ರಲ್ಲಿ, ಪುಣೆಯಲ್ಲಿ ಆರ್ಯ ಸಂಗೀತ ಪ್ರಸಾರಕ ಮಂಡಳದ ಆಶ್ರಯದಲ್ಲಿ ಸ್ಮರಣೋತ್ಸವ ಆರಂಭವಾಯಿತು. ಅದೇ ಮುಂದೆ ಸವಾಯಿ ಗಂಧರ್ವ ಮಹೋತ್ಸವವೆಂದು ಹೆಸರಾಯಿತು.

9. ರಚನೆಯ ಪ್ರಶ್ನೆ

ಜೋಶಿಯವರನ್ನು ರಚನಕಾರರೆಂದು ಎಷ್ಟರಮಟ್ಟಿಗೆ ಗಣಿಸಬಹುದು? ಸಾಹಿತ್ಯರಚನೆಯ ಅರ್ಥದಲ್ಲಿ ಇಲ್ಲವೆಂದೇ ಹೇಳಬೇಕು. ಕನ್ನಡದಲ್ಲಿ ಅವರು ಹಾಡಿದ ದಾಸರ ಪದಗಳು, ಮರಾಠಿಯ ಸಂತರ ಅಭಂಗಗಳು ಹಿಂದಿನವರ ಕೃತಿಗಳು. ಅಭಂಗಗಳ ಸ್ವರಸಂಯೋಜನೆಯಲ್ಲಿ ರಾಮ ಫಾಟಕ್, ಶ್ರೀನಿವಾಸ ಖಳೆ ಮುಂತಾದವರ ಪಾಲಿದೆ. ರಾಗರಚನೆಯ ಅರ್ಥದಲ್ಲಿ ಒಂದು ಹೆಸರನ್ನು ಧೈರ್ಯವಾಗಿ ಹೇಳಬಹುದು: ಕಲಾವತಿ ಮತ್ತು ರಾಗೇಶ್ರೀಗಳನ್ನು ಬೆಸೆದ ಕಲಾಶ್ರೀ. ದಾಸರ ಪದ ಮತ್ತು ಅಭಂಗಗಳನ್ನು ಖ್ಯಾಲಿನ ಆಲಾಪಕ್ರಮಕ್ಕೆ ಒಗ್ಗಿಸಿ ಕಛೇರಿಯ ಭಾಗವಾಗಿಸಿದ್ದು ರಚನೆಗಿಂತ ಪ್ರಯೋಗದ ಕ್ಷೇತ್ರಕ್ಕೆ ಸೇರುತ್ತದೆ. ಅದರ ಮಹತ್ವ ಇದರಿಂದ ಕಡಿಮೆಯಾಗುವುದಿಲ್ಲ.

10. ಚಲನಚಿತ್ರಗಳು

ಮನ್ನಾ ಡೇ ಅವರೊಂದಿಗಿನ ಹಾಡು ಇರುವ ‘ಬಸಂತ್ ಬಹಾರ್’ ಹಿಂದಿ ಚಿತ್ರ 1956ರದು. ಕನ್ನಡದ ‘ಸಂಧ್ಯಾರಾಗ’ 1966ರದು. ಮೊದಲನೆಯದಕ್ಕೆ ತ.ರಾ.ಸು. ಅವರ ‘ಹಂಸಗೀತೆ’, ಎರಡನೆಯದಕ್ಕೆ ಅ.ನ.ಕೃ. ಅವರ ‘ಸಂಧ್ಯಾರಾಗ’ ಕಾದಂಬರಿ ಆಧಾರ. ಅವರ ಚಲನಚಿತ್ರ ಗಾಯನದ ಈ ಎರಡು ಮುಖ್ಯ ಉದಾಹರಣೆಗಳಿಗೂ ಸಂಗೀತಗಾರರನ್ನು ಕುರಿತ ಕನ್ನಡ ಕಾದಂಬರಿಗಳೇ ಮೂಲ ಎಂಬುದು ಗಮನಾರ್ಹ. ಜಯದೇವರ ಸಂಗೀತದ ‘ಅನ್‌ಕಹೀ’ ಚಿತ್ರಕ್ಕೆ ಬಂದ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿಯನ್ನು ಕೆಲವರು 1984, ಕೆಲವರು 1985 ಎಂದು ಬರೆಯುತ್ತಾರೆ. ಅದು 32ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ. ಪರಿಗಣನೆಯ ವರ್ಷ 1984, ಪ್ರದಾನ 1985. ಎರಡೂ ಅಂಕಿಗಳು ತಮ್ಮ ತಮ್ಮ ಅರ್ಥದಲ್ಲಿ ಸರಿ.

11. ಗೌರವಗಳ ವರ್ಷಗಳು

ಪದ್ಮಶ್ರೀ 1972, ಪದ್ಮಭೂಷಣ 1985, ಪದ್ಮವಿಭೂಷಣ 1999, ಕರ್ನಾಟಕ ರತ್ನ 2005. ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಗೆ 1975 ಮತ್ತು 1976 ಎರಡೂ ಬಳಕೆಯಲ್ಲಿವೆ. ಪ್ರಶಸ್ತಿಯ ವರ್ಷ ಮತ್ತು ಪ್ರದಾನದ ವರ್ಷ ಬೆರೆತಿರುವುದು ಕಾರಣವಿರಬಹುದು. ಭಾರತರತ್ನ ಘೋಷಣೆಯಾದದ್ದು 4 ನವೆಂಬರ್ 2008ರಂದು. ಪ್ರದಾನ 2009ರ ಆರಂಭದಲ್ಲಿ. 2008 ಎಂಬ ವರ್ಷವನ್ನೇ ಉಳಿಸಿಕೊಳ್ಳುವುದು ಸೂಕ್ತ.

12. ನಿಧನ

ನಿಧನ 24 ಜನವರಿ 2011, ಪುಣೆ. 2ನೆಯ ಭಾಗದ ಜನ್ಮದಿನಾಂಕದ ಪ್ರಕಾರ ವಯಸ್ಸು 88 ವರ್ಷ, 11 ತಿಂಗಳು, 20 ದಿನ. ‘89ನೆಯ ವಯಸ್ಸಿನಲ್ಲಿ’ ಎಂಬ ಬಳಕೆ ನಡೆಯುತ್ತಿದ್ದ ವರ್ಷವನ್ನು ಹಿಡಿದರೆ ಸರಿ. ತುಂಬಿದ ವರ್ಷವನ್ನು ಹಿಡಿದರೆ 88.

13. ನಿಗಮನ

(1) 1922, 1936, 1946, 1953 ಈ ನಾಲ್ಕು ವರ್ಷಗಳನ್ನು ಸ್ಥಿರ ಬಿಂದುಗಳೆಂದು ಸ್ವೀಕರಿಸಬಹುದು.

(2) ಮನೆ ಬಿಟ್ಟ ವರ್ಷವನ್ನು ‘ಸುಮಾರು 1933’ ಎಂದು ಬರೆಯಬೇಕು. ಆ ವರ್ಷವನ್ನು ಅಬ್ದುಲ್ ಕರೀಂ ಖಾನರ ಝಿಂಝೋಟಿ ಅಥವಾ ಬಸಂತದ ಓಡಿಯನ್ ತಟ್ಟೆಯೊಂದಿಗೆ ಕಾರಣ–ಪರಿಣಾಮವಾಗಿ ಜೋಡಿಸುವುದನ್ನು, ಮುದ್ರಣದ ವರ್ಷಗಳನ್ನು ಗಮನಿಸಿ, ತಡೆಹಿಡಿಯಬೇಕು.

(3) ರಾಮಪುರದ ವಾಸವನ್ನು ಕುಂದಗೋಳಕ್ಕಿಂತ ಮೊದಲು ಅಥವಾ ನಂತರ ಇಡುವವರು, ಧ್ವನಿಮುದ್ರಿಕೆಯ ಬಗ್ಗೆ ತಮ್ಮ ನಿಲುವನ್ನೂ ಜೊತೆಗೇ ಹೇಳಬೇಕು.

(4) ಜನ್ಮಸ್ಥಳವನ್ನು ‘ರೋಣ, ಅಂದಿನ ಧಾರವಾಡ ಜಿಲ್ಲೆ, ಇಂದಿನ ಗದಗ ಜಿಲ್ಲೆ’ ಎಂದು ಪೂರ್ತಿಯಾಗಿ ಬರೆಯುವುದು ಉಚಿತ. ಬರೀ ಗದಗ ಎಂದರೆ 1997ರ ಗಡಿಯನ್ನು 1922ಕ್ಕೆ ಹೇರಿದಂತಾಗುತ್ತದೆ; ಬರೀ ರೋಣ ಎಂದರೆ ಮನೆತನ ನೆಲೆಸಿದ, ಮೊದಲ ಪಾಠವಾದ ಊರು ಮರೆಯಾಗುತ್ತದೆ. ಖ್ಯಾಲ್ ಗಾಯನಕ್ಕೆ ಮೊದಲ ಭಾರತರತ್ನ ತಂದವರ ಹುಟ್ಟೂರನ್ನು ಸರಿಯಾಗಿ ನಮೂದಿಸುವುದು ಈ ಸೀಮೆಯ ಬರಹಗಾರರು ಮೊದಲು ಸಲ್ಲಿಸಬೇಕಾದ ಋಣ. ಜನನ–ಮರಣ ನೋಂದಣಿ, ಶಾಲಾ ದಾಖಲಾತಿ ಪುಸ್ತಕ, ತಟ್ಟೆಗಳ ಕ್ರಮಸಂಖ್ಯೆ ಈ ಮೂರು ಬಗೆಯ ಆಕರಗಳು ಮೇಲಿನ ಯಾವುದೇ ಅಂಶಕ್ಕೆ ವಿರುದ್ಧವಾಗಿ ನಿಂತರೆ, ಈ ಟಿಪ್ಪಣಿಯ ಆಯಾ ಭಾಗವನ್ನು ಕೈಬಿಡತಕ್ಕದ್ದು.